ನೆರೆ ಇಳಿದ ಮೇಲೆ ಮನೆಗಳ ಹಾನಿ ಪರೀಕ್ಷೆ: ಸ್ವಯಂಸೇವಕ ಎಂಜಿನಿಯರ್‌ಗಳ ತಂಡ ಕಟ್ಟುವುದು ಹೇಗೆ?

ಮಲಪ್ರಭಾ_ದಂಡೆ:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ, ಗದಗ, ಬೆಳಗಾವಿಯ ಸಿವಿಲ್ ಎಂಜಿನಿಯರ್‌ಗಳು, ಇಬ್ಬರು ಆರ್ಕಿಟೆಕ್ಟ್‌ಗಳು, ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಕೆಲವರು, ಹೀಗೆ 30 ಜನ ಹೆಸರು ಕೊಟ್ಟಿದ್ದಾರೆ. ಮಲಪ್ರಭಾ ನದಿಯ ನವಿಲುತೀರ್ಥ ಅಣೆಕಟ್ಟಿನ ಗೇಟು ತೆರೆದು, ಬೆಣ್ಣಿಹಳ್ಳವೂ ತುಂಬಿ ಬಂದರೆ ಕೊಣ್ಣೂರು, ಹೊಳೆಆಲೂರು ಸುತ್ತಮುತ್ತ ಏನಾಗುತ್ತದೆ ಎಂದು 2009ರಲ್ಲೂ 2019ರಲ್ಲೂ ಕಂಡಿದ್ದೇವೆ. ಈ ಸಲ ಮಳೆಗಾಲಕ್ಕೆ ಮೊದಲೇ ತಯಾರಿರಬೇಕು ಅಂತ ಯೋಚನೆ.

ಕೇಳಬೇಕಾದದ್ದು ಇಷ್ಟು. ಪರವಾನಗಿ ಯಾರ ಹತ್ತಿರ ತೆಗೆದುಕೊಳ್ಳಬೇಕು? ನಮ್ಮ ವರದಿಗೆ ಸರ್ಕಾರದ ಸಮೀಕ್ಷೆಯಲ್ಲಿ ಬೆಲೆ ಇರುತ್ತದೆಯೇ? ಅಂದಾಜು 1,400 ಮನೆಗಳಾದರೆ 30 ಜನಕ್ಕೆ ಎಷ್ಟು ದಿನ ಬೇಕು? ಹೆಚ್ಚಿನವರು ಪಟ್ಟಣದಲ್ಲಿ ಕಾಂಕ್ರೀಟ್ ಕಟ್ಟಿಸಿದವರು, ಮಣ್ಣಿನ ಮನೆಯಲ್ಲಿ ಏನು ನೋಡಬೇಕು ಅನ್ನೋದೂ ಬೇಕು.

ಖಾತೆ_ಉತಾರ:

ಪರವಾನಗಿಯಿಂದಲೇ ಶುರು ಮಾಡೋಣ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅವರಿಗೆ ಈಗಲೇ, ಮೇ ತಿಂಗಳಲ್ಲೇ, ಪಟ್ಟಿ ಕೊಟ್ಟು ಪತ್ರ ಪಡೆಯಿರಿ. ನೀರು ಬಂದ ಮೇಲೆ ಆ ಕಚೇರಿಯಲ್ಲಿ ನಿಮ್ಮ ಅರ್ಜಿ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಪತ್ರದಲ್ಲಿ ತಹಶೀಲ್ದಾರರಿಗೂ ತಾಲ್ಲೂಕು ಪಂಚಾಯಿತಿಗೂ ಪ್ರತಿ ಇರಲಿ. ಊರಿನಲ್ಲಿ ನಿಮ್ಮನ್ನು ಮೊದಲು ತಡೆದು ಕೇಳುವವರು ಗ್ರಾಮ ಆಡಳಿತಾಧಿಕಾರಿ ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಮುಂದೆ ನಿಮಗೆ ಹೆಚ್ಚು ನೆರವಾಗುವವರೂ ಅವರೇ.

ಎರಡನೆಯ ಪ್ರಶ್ನೆಗೆ ನೇರ ಉತ್ತರ: ಪರಿಹಾರಕ್ಕೆ ನಿಮ್ಮ ಶೇಕಡಾವಾರು ಲೆಕ್ಕ ನಡೆಯುವುದಿಲ್ಲ. ಅದನ್ನು ತೀರ್ಮಾನಿಸುವುದು ಕಂದಾಯ, ಪಂಚಾಯಿತಿ ಮತ್ತು ಸರ್ಕಾರಿ ಎಂಜಿನಿಯರ್ ಸೇರಿದ ಜಂಟಿ ತಂಡ. 2019ರಲ್ಲಿ ರಾಜ್ಯ ಸರ್ಕಾರ ಮನೆಗಳನ್ನು ಮೂರು ವರ್ಗ ಮಾಡಿತು: ಶೇ. 75ಕ್ಕಿಂತ ಹೆಚ್ಚು ಹಾನಿಯಾದರೆ ಎ, 25ರಿಂದ 75 ಬಿ, 15ರಿಂದ 25 ಸಿ. ಎ ವರ್ಗಕ್ಕೆ 5 ಲಕ್ಷ, ಸಿ ವರ್ಗಕ್ಕೆ 50 ಸಾವಿರ. ಕೇಂದ್ರದ ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡವೇ ಬೇರೆ. ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ದನದ ಕೊಟ್ಟಿಗೆಗೆ 3,000. ಭಾಗಶಃ ಹಾನಿ ಎನ್ನಲೂ ಕನಿಷ್ಠ ಶೇ. 15 ಆಗಿರಬೇಕು. ಶೇ. 14 ಮತ್ತು 15ರ ನಡುವೆ, 74 ಮತ್ತು 76ರ ನಡುವೆ ಎಷ್ಟು ಹಣ ನಿಂತಿದೆ ನೋಡಿ. ಅಂಥ ಗೆರೆಯ ಮೇಲೆ ನೀವು ಕಾಲಿಟ್ಟರೆ ಊರ ಜಗಳ ನಿಮ್ಮ ತಲೆಗೆ.

ಹಾಗಾದರೆ ನಿಮ್ಮ ಕೆಲಸವೇನು? ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ. "ಈ ಮನೆಯಲ್ಲಿ ಇವತ್ತು ರಾತ್ರಿ ಮಲಗಬಹುದೇ?" ಎನ್ನುವುದಕ್ಕೆ ನೀವು ಉತ್ತರ ಕೊಡಿ. "ಎಷ್ಟು ಹಾನಿ?" ಎನ್ನುವುದಕ್ಕೆ ಸಾಕ್ಷಿ ಮಾತ್ರ ಕೂಡಿಡಿ: ಫೋಟೊ, ಅಳತೆ, ದಿನಾಂಕ. ಜಂಟಿ ತಂಡ ಬರುವ ಹೊತ್ತಿಗೆ ಎಷ್ಟೋ ಮನೆಯವರು ಕೆಸರು ಬಳಿದು, ಬಿದ್ದ ಗೋಡೆಯ ಮಣ್ಣು ಎತ್ತಿ, ತಗಡು ಕಟ್ಟಿಕೊಂಡಿರುತ್ತಾರೆ. ಸ್ವಚ್ಛ ಮಾಡಿಕೊಂಡವರಿಗೇ ಕಡಿಮೆ ವರ್ಗ ಸಿಗುವ ಪರಿಸ್ಥಿತಿ ಅದು. ಮೊದಲ ಎರಡು ದಿನದಲ್ಲಿ ತೆಗೆದ ನಿಮ್ಮ ಫೋಟೊಗೆ ಅಲ್ಲಿ ಬೆಲೆ ಇದೆ.

ಗುರುತಿಗೆ ಪಂಚಾಯಿತಿಯ ಆಸ್ತಿ ಸಂಖ್ಯೆ ಬರೆದುಕೊಳ್ಳಿ. ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಅಂದರೆ ನಮೂನೆ 9, 11 ಇದ್ದರೆ ಸರಿ, ಇಲ್ಲದಿದ್ದರೆ ಕರ ವಸೂಲಿ ವಹಿಯ ಕ್ರಮಸಂಖ್ಯೆ. ಖಾತೆ ತೀರಿಹೋದ ತಂದೆಯ ಹೆಸರಿನಲ್ಲಿ, ಒಳಗೆ ಮೂರು ಒಲೆ, ಮೂರು ರೇಷನ್ ಕಾರ್ಡು ಇರುವುದು ಸಾಮಾನ್ಯ. "ಒಂದು ಕಟ್ಟಡ, ಮೂರು ಕುಟುಂಬ" ಎಂದು ಕಂಡದ್ದನ್ನು ಬರೆಯಿರಿ, ತೀರ್ಪು ಬೇಡ. 2009ರ ನಂತರ ನೆರೆ ಸಂತ್ರಸ್ತರಿಗೆಂದು ಕಟ್ಟಿದ ಆಸರೆ ಬಡಾವಣೆಯಲ್ಲಿ ಮನೆ ಸಿಕ್ಕರೂ ಹಳೆ ಊರಲ್ಲೇ ಉಳಿದವರ ವಿಚಾರವೂ ಹಾಗೇ. ಆಧಾರ್ ನಂಬರ್, ಬ್ಯಾಂಕ್ ಪಾಸ್‌ಬುಕ್ ಮುಟ್ಟಲೇಬೇಡಿ.

ತೊಲೆಜಂತಿ:

ಮಣ್ಣಿನ ಮನೆ ಬಗ್ಗೆ ನಾನು ಹೇಳ್ತೀನಿ. ಕಾಂಕ್ರೀಟ್ ಕಣ್ಣಿನಿಂದ ನೋಡಿದರೆ ಇಲ್ಲಿ ತಪ್ಪೋದು ಖಚಿತ.

ಬಾಗಿಲಲ್ಲಿ ನಿಂತೇ ಮೊದಲು ಒಂದು ವಿಷಯ ತಿಳಿದುಕೊಳ್ಳಿ: ಮಾಳಿಗೆಯನ್ನು, ಅಂದರೆ ಮಣ್ಣು ಹಾಕಿದ ಚಪ್ಪಟೆ ಛಾವಣಿಯನ್ನು, ಹೊತ್ತಿರೋದು ಯಾವುದು? ಹಳೆಯ ಜಂತಿ ಮನೆಗಳಲ್ಲಿ ಕೆಲವು ಪೂರ್ತಿ ಕಂಬ, ತೊಲೆ (ದಪ್ಪ ಅಡ್ಡಮರ), ಜಂತಿಯ (ತೊಲೆಯ ಮೇಲಿನ ಸಣ್ಣ ಅಡ್ಡಮರ) ಕಟ್ಟಿಗೆ ಚೌಕಟ್ಟಿನ ಮೇಲೆ ನಿಂತಿರುತ್ತವೆ, ಗೋಡೆ ಬರೀ ಮರೆ. ಅಲ್ಲಿ ಒಂದು ಗೋಡೆ ಪೂರ್ತಿ ಬಿದ್ದರೂ ಮಾಳಿಗೆ ನಿಲ್ಲುತ್ತದೆ. ಉಳಿದವುಗಳಲ್ಲಿ ಜಂತಿಯ ತುದಿ ನೇರ ಗೋಡೆಯ ಮೇಲೆ ಕೂತಿರುತ್ತದೆ. ಅಲ್ಲಿ ಗೋಡೆಯ ಬುಡ ಒಂದು ಅಡಿ ಕರಗಿದ್ದರೂ ಒಳಗೆ ಕಾಲಿಡಬಾರದು. ಎರಡೂ ಬೆರೆತ ಮನೆಗಳೇ ಹೆಚ್ಚು: ನಡುಮನೆಗೆ ಕಂಬ, ಹಿಂದೆ ಆಮೇಲೆ ಕಟ್ಟಿದ ಅಡುಗೆಮನೆಗೆ ಗೋಡೆಯೇ ಗತಿ. ಒಂದು ಮನೆಗೆ ಒಂದೇ ಬಣ್ಣ (ಹಸಿರು ಅಂದರೆ ಇರಬಹುದು, ಹಳದಿ ಅಂದರೆ ಎಚ್ಚರ, ಕೆಂಪು ಅಂದರೆ ಒಳಗೆ ಹೋಗಬಾರದು) ಕೊಟ್ಟು ಮುಗಿಸದೆ ಖೋಲಿ ಖೋಲಿಗೂ ಬೇರೆ ಬರೆಯಿರಿ ಅನ್ನೋದು ಇದಕ್ಕೇ.

ಮಾಳಿಗೆಯ ಭಾರದ ಲೆಕ್ಕ ತಲೆಯಲ್ಲಿರಲಿ. 20 ಸೆಂ.ಮೀ. ದಪ್ಪದ ಒಣ ಮಣ್ಣಿನ ಮೇಲ್ಮುದ್ದೆ ಚದರ ಮೀಟರಿಗೆ ಸುಮಾರು 320 ಕೆ.ಜಿ. ಮಳೆ ನೆನೆದರೆ 380 ದಾಟುತ್ತದೆ. 3×4 ಮೀಟರಿನ ಖೋಲಿಯ ಮೇಲೆ ಅದು 700 ಕೆ.ಜಿ.ಗೂ ಹೆಚ್ಚುವರಿ ಭಾರ, ಅದೂ ಕೆಳಗಿನ ಗೋಡೆ ಮೆತ್ತಗಾಗಿರುವ ಹೊತ್ತಿನಲ್ಲಿ. ಹೊಳೆ ನೀರು ಮನೆಗೆ ಬರದಿದ್ದರೂ ಬರೀ ಮಳೆಗೇ ಮನೆ ಬೀಳೋದು ಹೀಗೆ. ಸಮೀಕ್ಷೆಯಲ್ಲಿ "ನೀರು ನುಗ್ಗಿಲ್ಲ" ಎಂದು ಬಿಟ್ಟುಹೋಗುವ ಮನೆಗಳೂ ಇವೇ.

ಇನ್ನೊಂದು, ನೀರು ನಿಂತಾಗ ನಿಂತಿದ್ದ ಗೋಡೆ ನೀರು ಇಳಿದ ಮೇಲೆ ಬೀಳುತ್ತದೆ. ನೀರು ಒಳಗೂ ಹೊರಗೂ ಒಂದೇ ಮಟ್ಟ ಇದ್ದಾಗ ಒತ್ತಡ ಸರಿದೂಗಿರುತ್ತದೆ. ಹೊರಗೆ ಬೇಗ ಇಳಿದು ಒಳಗೆ ಕೆಸರು ನೀರು ಉಳಿದರೆ ಗೋಡೆ ಹೊರಕ್ಕೆ ವಾಲುತ್ತದೆ. ಎರಡು ಅಡಿ ದಪ್ಪದ ಗೋಡೆಯ ಮೈ ಎರಡು ದಿನದಲ್ಲಿ ಒಣಗಿದಂತೆ ಕಂಡರೂ ಒಡಲು ವಾರಗಟ್ಟಲೆ ಹಸಿ. ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ಬುಡದಲ್ಲಿ, ಮೊಣಕಾಲ ಮಟ್ಟದಲ್ಲಿ, ನೀರಿನ ಗೆರೆಯ ಮೇಲೆ, ಹೀಗೆ ಮೂರು ಕಡೆ ಒತ್ತಿ ನೋಡಿ. ಕೈಬಲಕ್ಕೆ ಒಂದು ಬೆರಳುದ್ದ ಇಳಿದರೆ ಗೋಡೆಗೆ ಇನ್ನೂ ಜೀವ ಬಂದಿಲ್ಲ.

ತೂಕದಗುಂಡು ಎಲ್ಲ ತಂಡದ ಹತ್ತಿರವೂ ಇರಲಿ. 3 ಮೀಟರ್ ಎತ್ತರದ ಒದ್ದೆ ಗೋಡೆ 5 ಸೆಂ.ಮೀ. ವಾಲಿದ್ದರೆ ನನ್ನ ಲೆಕ್ಕದಲ್ಲಿ ಕೆಂಪು. ಒಣ ಕಲ್ಲು ಗೋಡೆಗೆ ಇಷ್ಟು ಬಿಗಿ ಬೇಡ, ಮಣ್ಣಿಗೆ ಬೇಕು. ಮೂಲೆಯಲ್ಲಿ ಮೇಲೆ ಅಗಲ, ಕೆಳಗೆ ಸಣ್ಣದಾಗುವ ನೆಟ್ಟನೆಯ ಬಿರುಕು ಕಂಡರೆ ಎರಡು ಗೋಡೆಗಳ ಬೆಸುಗೆ ಬಿಟ್ಟಿದೆ ಎಂದರ್ಥ. ಗಿಲಾವಿನ ಕೂದಲೆಳೆ ಬಿರುಕಿಗೆ ಗಾಬರಿ ಬೇಡ.

ಹಳೆ ಮನೆಗಳಲ್ಲಿ ಇನ್ನೊಂದು ಗಂಡಾಂತರ ಹಗೇವು. ನೆಲದಡಿಯ ಆ ಕಾಳಿನ ಕಣಜಕ್ಕೆ ಎಷ್ಟೋ ಕಡೆ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಸಾರಿಸಿಬಿಟ್ಟಿರುತ್ತಾರೆ. ನೀರು ತುಂಬಿ ಇಳಿದರೆ ಅದರ ಅಂಚು ಕುಸಿಯುತ್ತದೆ. ಒಳಗೆ ಹೋಗುವ ಮೊದಲು ಮನೆಯ ಹಿರಿಯರನ್ನು ಕೇಳಿ: "ಅಜ್ಜಾರ, ಹಗೇವು ಎಲ್ಲೈತ್ರಿ?" ಕೊಳೆತ ಕಾಳಿರುವ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ, ಯಾರನ್ನೂ ಇಳಿಸಬೇಡಿ.

ಮಲಪ್ರಭಾ_ದಂಡೆ:

ಹಗೇವಿನ ವಿಷಯ ನಮ್ಮ ಪಟ್ಟಿಯಲ್ಲೇ ಇರಲಿಲ್ಲ, ಸೇರಿಸಿದೆ. ಒಂದು ಸಂಶಯ: ಒಂದೇ ಸಲ ನೋಡಿ ಹಸಿರು ಕೊಟ್ಟ ಮನೆ ವಾರದ ಮೇಲೆ ಬಿದ್ದರೆ? ಬಣ್ಣದ ಗುರುತನ್ನು ಗೋಡೆಯ ಮೇಲೇ ಹಾಕಬೇಕೆ?

ತೊಲೆಜಂತಿ:

ಅದಕ್ಕೇ ಒಂದು ಸಲಕ್ಕೆ ಮುಗಿಸಬಾರದು. ನೀರು ಇಳಿದ ಮೊದಲ ಎರಡು ದಿನದಲ್ಲಿ ಒಮ್ಮೆ, ವಾರದ ಮೇಲೆ ಹಳದಿ ಮತ್ತು ಹಸಿರು ಮಣ್ಣಿನ ಮನೆಗಳಿಗೆ ಇನ್ನೊಮ್ಮೆ. ಎರೆ ನೆಲದ ಮನೆಗಳಿಗೆ ಬೇಸಿಗೆಗೆ ಮೊದಲು ಮೂರನೆಯದು, ಯಾಕೆಂದರೆ ಉಬ್ಬಿದ ಎರೆ ಕುಗ್ಗುವಾಗ ಬರುವ ಬಿರುಕು ಆಗಲೇ ಕಾಣೋದು. ಹಸಿರು ಅಂದರೆ "ಇವತ್ತು ಕಂಡಂತೆ" ಅಂತ. ಚೀಟಿಯಲ್ಲಿ ದಿನಾಂಕ, ವೇಳೆ ಕಡ್ಡಾಯ, ಜೊತೆಗೆ "ಮತ್ತೆ ಮಳೆ ಬಂದರೆ ಈ ಚೀಟಿ ನಡೆಯದು" ಎಂಬ ಸಾಲು.

ಗೋಡೆಗೆ ಬಣ್ಣ ಬಳಿಯಬೇಡಿ. ಕೆಂಪು ಬಣ್ಣ ಕಂಡರೆ ಜನ ಮನೆ ಕೆಡವಲು ಗುರುತು ಹಾಕಿದ್ದಾರೆ ಅಂದುಕೊಳ್ಳುತ್ತಾರೆ, ಇಲ್ಲವೇ ಐದು ಲಕ್ಷ ಬಂತು ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಭೂಕಂಪ, ನೆರೆ ಎರಡಕ್ಕೂ ಹಸಿರು, ಹಳದಿ, ಕೆಂಪು ಫಲಕ ಬಾಗಿಲಿಗೆ ಅಂಟಿಸುತ್ತಾರೆ. ಅಲ್ಲಿ ಅದಕ್ಕೆ ಕಾನೂನಿನ ಬಲ ಇರುತ್ತದೆ, ನಿಮ್ಮ ಚೀಟಿಗೆ ಇಲ್ಲ. ಕನ್ನಡದಲ್ಲಿ ದೊಡ್ಡಕ್ಷರದ ಚೀಟಿ ಮನೆಯವರ ಕೈಗೆ ಕೊಟ್ಟು, ಓದಿ ಹೇಳಿ, ಒಂದು ಪ್ರತಿ ಪಿಡಿಒಗೆ ಮುಟ್ಟಿಸಿದರೆ ಸಾಕು.

ಆಫ್‌ಲೈನ್_ನಕ್ಷೆ:

ದಿನಗಳ ಲೆಕ್ಕ: ಮೂವರ ತಂಡ ಮಾಡಿ. ಒಬ್ಬ ಎಂಜಿನಿಯರ್, ಒಬ್ಬ ಬರೆಯುವವ, ಒಬ್ಬ ಊರವನು. ಊರವನು ಗೌಂಡಿಯಾದರೆ ಇನ್ನೂ ಒಳ್ಳೆಯದು, ಯಾವ ಗೋಡೆ ಯಾವಾಗ ಏರಿಸಿದ್ದು ಅವನಿಗೆ ಗೊತ್ತು. 30 ಜನರಲ್ಲಿ ಎಂಜಿನಿಯರ್‌ಗಳೇ 30 ಇದ್ದರೆ ಮೂವರನ್ನು ಒಂದೇ ತಂಡಕ್ಕೆ ಹಾಕಿ ಹಾಳು ಮಾಡಬೇಡಿ, ಬರೆಯಲು ಡಿಪ್ಲೊಮಾ ವಿದ್ಯಾರ್ಥಿಗಳನ್ನು ಕರೆಯಿರಿ. ದಿನಕ್ಕೆ ತಂಡವೊಂದು 25 ಮನೆ ಎಂದರೆ 10 ತಂಡ 250, 1,400ಕ್ಕೆ ಆರು ದಿನ. ಎರಡು ದಿನದಲ್ಲಿ ಮುಗಿಯಬೇಕಾದ ಮೊದಲ ಸುತ್ತಿಗೆ ಇದು ಸಾಲದು. 28 ತಂಡ ಮಾಡಿ, ಇಲ್ಲವೇ ನದಿಗೆ ಹತ್ತಿರದ ಓಣಿಗಳನ್ನು ಮೊದಲು ಹಿಡಿಯಿರಿ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಕೊಡುವ ನೆರೆ ನಕ್ಷೆಯಿಂದ ಯಾವ ಊರು ಮೊದಲು ಎಂದು ಆರಿಸಬಹುದು. ಯಾವ ಓಣಿ ಎಂದು ಅದು ಹೇಳುವುದಿಲ್ಲ.

ಮೊದಲ ದಿನ ಬೆಳಿಗ್ಗೆ ಎಲ್ಲ ಎಂಜಿನಿಯರ್‌ಗಳೂ ಒಂದೇ ಐದು ಮನೆಗಳನ್ನು ಬೇರೆ ಬೇರೆಯಾಗಿ ನೋಡಿ ಬರೆಯಲಿ, ಆಮೇಲೆ ಕೂತು ಹೋಲಿಸಿ. ಒಬ್ಬರ ಹಳದಿ ಇನ್ನೊಬ್ಬರ ಕೆಂಪು ಆಗಿರುತ್ತದೆ. ಈ ಅರ್ಧ ದಿನ ಉಳಿಸಲು ಹೋದರೆ ಪಕ್ಕಪಕ್ಕದ ಎರಡು ಓಣಿಗೆ ಎರಡು ನ್ಯಾಯ ಆಗುತ್ತದೆ. ನಂತರ ದಿನವೂ ಹತ್ತರಲ್ಲಿ ಒಂದು ಮನೆಯನ್ನು ಬೇರೆ ತಂಡ ಮತ್ತೆ ನೋಡಲಿ.

ಫಾರಂ ಅನ್ನು ಕೋಬೊ ಅಥವಾ ಒಡಿಕೆ ಎಂಬ ಮೊಬೈಲ್ ಸಮೀಕ್ಷೆ ಆ್ಯಪ್‌ನಲ್ಲಿ ಮಾಡಿ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಪ್ರಶ್ನೆ 20 ದಾಟಿದರೆ ಮೂರನೆಯ ದಿನ ಎಲ್ಲರೂ ಊಹೆಯಲ್ಲಿ ತುಂಬಲು ಶುರು ಮಾಡುತ್ತಾರೆ. ಮನೆಗೆ ಐದು ಫೋಟೊ: ಆಸ್ತಿ ಸಂಖ್ಯೆ ಬರೆದ ಪಾಟಿ (ಸ್ಲೇಟು) ಹಿಡಿದು ಮುಂಭಾಗ, ಟೇಪು ಹಿಡಿದ ನೀರಿನ ಗೆರೆ, ಅತಿ ದೊಡ್ಡ ಬಿರುಕು, ಜಂತಿ ಕೂತ ಜಾಗ, ಹಿಂಭಾಗ. ಹಿಂಭಾಗವನ್ನೇ ಎಲ್ಲರೂ ಬಿಡೋದು, ನೀರು ಕೊರೆದಿರೋದು ಅಲ್ಲೇ. ಇಕ್ಕಟ್ಟಿನ ಓಣಿಯಲ್ಲಿ ಮೊಬೈಲ್ ಜಿಪಿಎಸ್ ಹತ್ತು ಮೀಟರ್ ತಪ್ಪಿದರೆ ಪಕ್ಕದ ಮನೆ ಆಗಿಬಿಡುತ್ತದೆ, ಪಾಟಿ ಬೇಕಾದದ್ದು ಅದಕ್ಕೆ. ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ದಿನಾಂಕ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಸಾಕ್ಷಿಯೂ ಹೋಯಿತು.

ಖಾತೆ_ಉತಾರ:

ಎರಡು ಮಾತು ಬಿಟ್ಟಿದ್ದೆ. ಸ್ವಯಂಸೇವಕರು ಅದೇ ಊರಲ್ಲಿ ಮನೆ ದುರಸ್ತಿ ಗುತ್ತಿಗೆ ಹಿಡಿಯುವುದಿಲ್ಲ ಎಂದು ಮೊದಲೇ ಬರೆದು ಸಹಿ ಮಾಡಲಿ. ವಿಪತ್ತು ನಿರ್ವಹಣಾ ಕಾಯ್ದೆ, 2005ರ 52ನೇ ಕಲಂ ಪ್ರಕಾರ ಸುಳ್ಳು ಹೇಳಿ ಪರಿಹಾರ ಪಡೆದರೆ ಎರಡು ವರ್ಷದವರೆಗೆ ಜೈಲು. ಒಬ್ಬರ ಮನೆ ಫೋಟೊ ಇನ್ನೊಬ್ಬರ ಕಡತಕ್ಕೆ ಸೇರಿದರೆ ನಿಮ್ಮ ಹೆಸರೂ ಎಳೆದಾಡುತ್ತದೆ.

ಗಂಬೂಟು:

ಯಾರೂ ಹೇಳಲಿಲ್ಲ ಅಂತ ಬರೀತಿದೀನಿ. ಹೆಸ್ಕಾಂನವರು ಲೈನ್ ಬಂದ್ ಮಾಡಿದ್ದಾರೆ ಎಂದು ಲೈನ್‌ಮನ್ ಬಾಯಿಂದಲೇ ಕೇಳದೆ ತಂಡ ಓಣಿಗೆ ಇಳಿಯಬಾರದು. ಒದ್ದೆ ಮೀಟರ್ ಬೋರ್ಡಿಗೆ ಕೈ ಹಚ್ಚಬೇಡಿ, ಮನೆಯವರು ಇನ್ವರ್ಟರ್ ಇಟ್ಟಿದ್ದರೆ ಲೈನ್ ಬಂದ್ ಆದರೂ ಕರೆಂಟು ಇರುತ್ತದೆ. ಕೆಸರಲ್ಲಿ ಓಡಾಡುವವರಿಗೆ ಇಲಿಜ್ವರದ ಭಯ ಇದೆ, ಡಾಕ್ಸಿಸೈಕ್ಲಿನ್ ತಗೋಬೇಕೋ ಬೇಡವೋ ಅಂತ ಹೊರಡುವ ಮೊದಲೇ ವೈದ್ಯರನ್ನು ಕೇಳಿ, ಧನುರ್ವಾಯು ಚುಚ್ಚುಮದ್ದು ಹಾಕಿಸಿ. ಗಂಬೂಟು, ಹೆಲ್ಮೆಟ್, ದಪ್ಪ ಕೈಗವಸು, ಕೋಲು. ಮಾಳಿಗೆ ಸಂದಿಗೆ, ಕಟ್ಟಿಗೆ ರಾಶಿಗೆ ಹಾವು ಬಂದು ಸೇರಿರುತ್ತವೆ, ಕೈ ಹಾಕುವ ಮೊದಲು ಕೋಲು ಹಾಕಿ.

ಊಟ, ನೀರು ನಿಮ್ಮದೇ ಒಯ್ಯಿರಿ. ಗಂಜಿ ಕೇಂದ್ರದ ಸಾಲಿನಲ್ಲಿ ಸ್ವಯಂಸೇವಕರು ನಿಂತರೆ ಚಂದ ಕಾಣೋದಿಲ್ಲ.

ಮಲಪ್ರಭಾ_ದಂಡೆ:

ಎಲ್ಲರಿಗೂ ಧನ್ಯವಾದ. ಚೀಟಿಯ ಕರಡು, 18 ಪ್ರಶ್ನೆಗಳ ಫಾರಂ ಎರಡನ್ನೂ ಈ ವಾರ ಇಲ್ಲೇ ಹಾಕ್ತೀನಿ. ಖೋಲಿವಾರು ಬಣ್ಣ ಹೇಗೆ ತುಂಬಿಸೋದು ಅನ್ನೋದರಲ್ಲಿ ಇನ್ನೂ ಗೊಂದಲ ಇದೆ, ತೊಲೆಜಂತಿಯವರು ಒಮ್ಮೆ ನೋಡಬೇಕು.