ಸಹಾಯ ಬೇಕು: ಸ್ಟ್ರೂಪ್ ಪ್ರಯೋಗದ ಇಇಜಿ ವಿಶ್ಲೇಷಣೆ

ಎಲ್ಲರಿಗೂ ನಮಸ್ಕಾರ. ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ದತ್ತಾಂಶದ ಜೊತೆ ಗುದ್ದಾಡಿದವರು ಯಾರಾದರೂ ಇದ್ದರೆ ದಯವಿಟ್ಟು ದಾರಿ ತೋರಿಸಿ.

ಎಂ.ಎಸ್ಸಿ ಪ್ರಾಜೆಕ್ಟ್‌ಗೆ ಸ್ಟ್ರೂಪ್ ಪ್ರಯೋಗ ತಗೊಂಡಿದ್ದೇನೆ. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ್ದು. 'ಕೆಂಪು' ಅನ್ನೋ ಪದ ನೀಲಿ ಬಣ್ಣದಲ್ಲಿರುತ್ತೆ, ಪದ ಬಿಟ್ಟು ಬಣ್ಣ ಗುರುತಿಸಬೇಕು. ಓದು ತಾನಾಗಿಯೇ ನುಗ್ಗುವುದರಿಂದ ಉತ್ತರ ನಿಧಾನವಾಗುತ್ತೆ. ಇಂಥ ಪ್ರಯೋಗಗಳಲ್ಲಿ ಮೆದುಳಿನ ಆಂಟೀರಿಯರ್ ಸಿಂಗ್ಯುಲೇಟ್ ಮತ್ತು ಪ್ರೀಫ್ರಂಟಲ್ ಕಾರ್ಟೆಕ್ಸ್ ಭಾಗಗಳು ಹೆಚ್ಚು ಚುರುಕಾಗುತ್ತವೆ. ಇಇಜಿಯಲ್ಲಿ ಪದ ಕಾಣಿಸಿದ ಸುಮಾರು 450 ಮಿಲಿಸೆಕೆಂಡ್ ಹೊತ್ತಿಗೆ ಎನ್450 ಎಂಬ ಋಣಾತ್ಮಕ ಅಲೆ ಕಾಣಿಸುತ್ತೆ. ಇಷ್ಟು ಸರಿ.

ನನ್ನ ತೊಡಕು ಬೇರೆ. ಬಾಯಿಬಿಟ್ಟು ಹೇಳಿಸಿದರೆ ಸ್ನಾಯುಗಳ ಗದ್ದಲ ಸಿಗ್ನಲ್‌ಗೆ ಸೇರುತ್ತೆ, ಹಾಗಾಗಿ ಬಟನ್ ಇಟ್ಟಿದ್ದೇನೆ: ಕೆಂಪು, ಹಸಿರಿಗೆ ಎಡಗೈ; ನೀಲಿ, ಹಳದಿಗೆ ಬಲಗೈ. ಹಸಿರು ಬಣ್ಣದ 'ಕೆಂಪು' ಬಂದರೆ ಅರ್ಥದಲ್ಲಷ್ಟೇ ಘರ್ಷಣೆ, ಕೈ ಅದೇ. ನೀಲಿ ಬಣ್ಣದ 'ಕೆಂಪು' ಬಂದರೆ ಕೈಗಳಿಗೂ ಜಗಳ. ಈ ಎರಡನ್ನು ಬೇರ್ಪಡಿಸಿ ನೋಡಬೇಕು.

ಎನ್450ಗೆ ಸಮಯದ ಕಿಟಕಿಯನ್ನು ಮೊದಲೇ ನಿಗದಿ ಮಾಡುವುದೋ, ಕ್ಲಸ್ಟರ್ ಪರ್ಮ್ಯುಟೇಶನ್ ಪರೀಕ್ಷೆ (ಕಿಟಕಿ ಮೊದಲೇ ಆರಿಸದೆ, ವ್ಯತ್ಯಾಸವಿರುವ ಸಮಯದ ಗುಂಪುಗಳನ್ನು ದತ್ತಾಂಶದಿಂದಲೇ ಹುಡುಕುವ ಸಂಖ್ಯಾಶಾಸ್ತ್ರೀಯ ವಿಧಾನ) ಬಳಸುವುದೋ? ಘರ್ಷಣೆಯ ಟ್ರಯಲ್ (ಒಂದು ಸಲ ಪದ ತೋರಿಸಿ ಉತ್ತರ ಪಡೆಯುವುದು) ಆದಮೇಲೆ ಮುಂದಿನದರಲ್ಲಿ ಅಡಚಣೆ ತಗ್ಗುತ್ತದಲ್ಲ, ಅದನ್ನು ಸಂಖ್ಯಾಶಾಸ್ತ್ರದ ಮಾದರಿಯಲ್ಲಿ ಸೇರಿಸಬೇಕೇ? ಬಣ್ಣ ಅಥವಾ ಪದ ಬೆನ್ನುಬೆನ್ನಿಗೆ ಮರುಕಳಿಸಿದ ಟ್ರಯಲ್‌ಗಳನ್ನು ನೀವು ತೆಗೆದುಹಾಕುತ್ತೀರಾ?

ಪೈಥಾನ್‌ನಲ್ಲಿ ಎಂಎನ್‌ಇ (ಇಇಜಿ ವಿಶ್ಲೇಷಣೆಯ ಲೈಬ್ರರಿ) ಬಳಸುತ್ತಿದ್ದೇನೆ. ಕೋಡ್ ತುಣುಕು ಇದ್ದರೂ ಸಾಕು.