ಪದಚರ್ಚೆ: ಎಡ್ ಹೆಡ್ರಿಕ್ ನೆನಪಿನ ಬರಹ – 'ಜನಕ', 'ಕುಳಿ', 'ತಟ್ಟೆ', 'ಅಸ್ಥಿ' ಸರಿಯೇ?

ಪ್ರಶ್ನೆ

ಮಾನ್ಯರೇ,

ಡಿಸ್ಕ್ ಗಾಲ್ಫ್ (ಗಾಲ್ಫ್‌ನಂತೆಯೇ, ಆದರೆ ಚೆಂಡಿನ ಬದಲು ಡಿಸ್ಕನ್ನು ಗುರಿಗೆ ಎಸೆಯುವ) ಆಟವನ್ನು ಕಟ್ಟಿ ನಿಲ್ಲಿಸಿದ 'ಸ್ಟೆಡಿ' ಎಡ್ ಹೆಡ್ರಿಕ್ (1924–2002) ಅವರ ಬಗ್ಗೆ ಕನ್ನಡದಲ್ಲಿ ಒಂದು ನೆನಪಿನ ಬರಹ ಸಿದ್ಧವಾಗುತ್ತಿದೆ. ಅವರು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸೌತ್ ಪ್ಯಾಸಡೀನಾದಲ್ಲಿ. ಅಲ್ಲಿಗೆ ಹತ್ತಿರದ ಓಕ್ ಗ್ರೋವ್ ಉದ್ಯಾನದಲ್ಲೇ 1975ರಲ್ಲಿ ಈ ಆಟದ ಮೊದಲ ಕಾಯಂ ಕೋರ್ಸ್ (ಆಡುವ ಜಾಗ) ಹಾಕಿದರು. ಹಾಗಾಗಿ ಆ ಊರಿನವರಿಗೆ ಅವರು ತಮ್ಮವರು. ಕರಡಿನ ಮೊದಲ ವಾಕ್ಯಗಳು ಹೀಗಿವೆ:

"ಡಿಸ್ಕ್ ಗಾಲ್ಫ್‌ನ ಜನಕ ಎಡ್ ಹೆಡ್ರಿಕ್ 2002ರ ಆಗಸ್ಟ್ 12ರಂದು ಸ್ವರ್ಗಸ್ಥರಾದರು. ಫ್ರಿಸ್ಬಿಯನ್ನು ಕಂಡುಹಿಡಿದ ಅವರು ಅದನ್ನು ಕುಳಿಗೆ ಎಸೆಯುವ ಆಟವನ್ನು ರೂಪಿಸಿದರು. ಅವರ ಇಚ್ಛೆಯಂತೆ ಅಸ್ಥಿಯನ್ನು ತಟ್ಟೆಗಳಲ್ಲಿ ಎರಕ ಹೊಯ್ಯಲಾಯಿತು."

ಆಟ ಬಲ್ಲವರೂ ಭಾಷೆ ಬಲ್ಲವರೂ ಇದನ್ನು ತಿದ್ದಿಕೊಡಬೇಕು. ಆಟ ನೋಡಿರದ ಓದುಗರಿಗೆ ತಪ್ಪು ಚಿತ್ರ ಹೋಗಬಾರದು.

ಉತ್ತರ 1

'ಕಂಡುಹಿಡಿದ' ಎಂಬುದನ್ನು ಮೊದಲು ತೆಗೆಯಿರಿ. ಅಲ್ಲಿ ಪದವಲ್ಲ, ಸಂಗತಿಯೇ ತಪ್ಪು. ಪ್ಲಾಸ್ಟಿಕ್ ಡಿಸ್ಕ್ ಮಾಡಿದವರು ಫ್ರೆಡ್ ಮಾರಿಸನ್. ಅವರ 'ಪ್ಲೂಟೊ ಪ್ಲ್ಯಾಟರ್' ಅನ್ನು ವ್ಯಾಮ್-ಓ ಕಂಪನಿ 1957ರಲ್ಲಿ ಮಾರುಕಟ್ಟೆಗೆ ತಂದಿತು. ಆನಂತರ ಅದೇ ಕಂಪನಿಗೆ ಸೇರಿದ ಹೆಡ್ರಿಕ್ ಅದನ್ನು ಆಟಿಕೆಯಿಂದ ಆಟದ ಸಾಧನವಾಗಿಸಿದರು. ಡಿಸ್ಕಿನ ಮೇಲ್ಮೈಯಲ್ಲಿ, ಬೆನ್ನು ಇಳಿಜಾರಾಗಿ ಅಂಚಿನ ಕಡೆಗೆ ಬಾಗುವ ಜಾಗದಲ್ಲಿ, ಒಂದರ ಸುತ್ತ ಒಂದರಂತೆ ಸಣ್ಣ ಉಬ್ಬುಗೆರೆಗಳನ್ನು ಕೂಡಿಸಿದರು. ಅದಕ್ಕೆ 1967ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ಉಬ್ಬುಗೆರೆ ಮಾಡುವ ಕೆಲಸ ಇಷ್ಟು: ಮೇಲ್ಮೈಗೆ ಅಂಟಿಕೊಂಡು ಹರಿಯುವ ತೆಳು ಗಾಳಿಪದರವನ್ನು ಬೇಕೆಂದೇ ಕದಡುತ್ತದೆ. ಕದಡಿದ ಪದರ ಮೇಲ್ಮೈಯನ್ನು ಬೇಗ ಬಿಟ್ಟು ಹೋಗುವುದಿಲ್ಲ. ಆದ್ದರಿಂದ ಎಳೆತ ತಗ್ಗಿ ಡಿಸ್ಕ್ ಒಲೆದಾಡದೆ ಹೋಗುತ್ತದೆ. ಇದನ್ನು 'ಗೀರು' ಎಂದು ಬರೆಯಬೇಡಿ. ಗೀರು ಒಳಕ್ಕೆ ಇಳಿದದ್ದು, ಇದು ಮೇಲಕ್ಕೆ ಎದ್ದದ್ದು. ಇಂಗ್ಲಿಷಿನವರು ಹೆಡ್ರಿಕ್ ಹೆಸರಿನಲ್ಲೇ ಇದನ್ನು 'ರಿಂಗ್ಸ್' ಎಂದು ಕರೆಯುತ್ತಾರೆ. ನಾವು 'ಹೆಡ್ರಿಕ್ ಬಳೆಗಳು' ಎನ್ನಬಹುದು. ಶನಿಗ್ರಹಕ್ಕೆ ಬಳೆ ತೊಡಿಸಿದ ಕನ್ನಡಕ್ಕೆ ಇದು ಹೊಸದಲ್ಲ.

'ಜನಕ' ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ಬೇಡ. 1926ರಲ್ಲೇ ಕೆನಡಾದ ಸಸ್ಕ್ಯಾಚವಾನ್ ಪ್ರಾಂತದ ಬ್ಲ್ಯಾಡ್‌ವರ್ತ್ ಎಂಬ ಊರಿನ ಶಾಲಾ ಮಕ್ಕಳು ಡಬ್ಬಿ ಮುಚ್ಚಳಗಳನ್ನು ಗುರಿಗೆ ಎಸೆದು ಗಾಲ್ಫ್ ಆಡಿದ್ದರು. 1960ರ ದಶಕದಲ್ಲಿ ಅಮೆರಿಕದ ಬೇರೆ ಬೇರೆ ಕಡೆ, ಮರ, ದೀಪದ ಕಂಬಗಳಿಗೆ ಫ್ರಿಸ್ಬಿ ಎಸೆಯುವ ಆಟ ತಾನಾಗಿಯೇ ಹುಟ್ಟಿತ್ತು. ಹೆಡ್ರಿಕ್ ಮಾಡಿದ್ದು ಅದಕ್ಕೊಂದು ಕಾಯಂ ಜಾಗ, ಒಂದೇ ಅಳತೆಯ ಗುರಿ, ನಿಯಮ ಮತ್ತು ಸಂಘ ಕಟ್ಟಿದ್ದು. ವೃತ್ತಿಪರ ಆಟಗಾರರ ಸಂಘವಾದ ಪಿಡಿಜಿಎ 1976ರಲ್ಲಿ ಶುರುವಾಯಿತು, ಅದರ ಸದಸ್ಯತ್ವ ಸಂಖ್ಯೆ 1 ಅವರದೇ. ಇದಕ್ಕೆ 'ಹರಿಕಾರ' ಅಥವಾ 'ಪ್ರವರ್ತಕ' ಒಪ್ಪುತ್ತದೆ. ಎರಡರಲ್ಲಿ ನನ್ನ ಆಯ್ಕೆ 'ಹರಿಕಾರ'. 'ಪ್ರವರ್ತಕ' ಇತ್ತೀಚೆಗೆ ಕಂಪನಿಯ ಕಾಗದಪತ್ರಗಳ ಪದವಾಗಿಬಿಟ್ಟಿದೆ. ಅಭಿಮಾನಿಗಳು ಅವರನ್ನು 'ಪಿತಾಮಹ' ಎಂದರೆ ಅದು ಅವರ ಪ್ರೀತಿ. ಬರಹಗಾರರು ತಮ್ಮ ಮಾತಾಗಿ ಹೇಳುವಾಗ ಸಂಗತಿಗೆ ತಕ್ಕ ಪದ ಬೇಕು.

'ಕುಳಿ' ಪೂರ್ತಿ ತಪ್ಪು ಚಿತ್ರ ಕೊಡುತ್ತದೆ. ಈ ಆಟದಲ್ಲಿ ನೆಲದಲ್ಲಿ ಗುಂಡಿಯೇ ಇಲ್ಲ. ಓಕ್ ಗ್ರೋವ್‌ನಲ್ಲಿ ಮೊದಲು ನೆಟ್ಟದ್ದು ಬರೀ ಕಂಬಗಳನ್ನು. ಡಿಸ್ಕ್ ಕಂಬಕ್ಕೆ ತಾಗಿತೋ ಸವರಿಕೊಂಡು ಹೋಯಿತೋ ಎಂದು ದೂರದಿಂದ ಹೇಳಲಾಗದೆ ತಕರಾರು ಏಳುತ್ತಿತ್ತು. ಆ ತಕರಾರು ತೀರಿಸಲು ಹುಟ್ಟಿದ್ದೇ ಸರಪಳಿ ಕಟ್ಟಿದ ಬುಟ್ಟಿ. ಅದರ ಪೇಟೆಂಟ್ 1977ರದು. ಮೊದಲ ಮಾದರಿಯಲ್ಲಿ ಕಂಬದ ತಲೆಯಿಂದ 10 ಸರಪಳಿಗಳು ಇಳಿಬಿದ್ದಿದ್ದವು, ಕೆಳಗೆ ತಂತಿಯ ಬುಟ್ಟಿ. ಸರಪಳಿ ಡಿಸ್ಕಿನ ವೇಗವನ್ನು ನುಂಗುತ್ತದೆ, ಡಿಸ್ಕ್ ಬುಟ್ಟಿಗೆ ಬೀಳುತ್ತದೆ. ಒಳಗೆ ನಿಂತರೆ ಮುಗಿಯಿತು, ವಾದಕ್ಕೆ ಜಾಗವಿಲ್ಲ. ಆದ್ದರಿಂದ ಗುರಿಗೆ 'ಬುಟ್ಟಿ' ಎನ್ನಿ. ಎಸೆಯುವ ಕಟ್ಟೆಯಿಂದ ಬುಟ್ಟಿಯವರೆಗಿನ ಒಂದು ಘಟಕಕ್ಕೆ ಗಾಲ್ಫ್ ವರದಿಗಳಲ್ಲಿ ಬರುವ 'ಹೋಲ್' ಪದವನ್ನೇ ಇಟ್ಟುಕೊಳ್ಳಿ: '18 ಹೋಲ್‌ಗಳ ಕೋರ್ಸ್'. ಕೋರ್ಸಿಗೆ 'ಅಂಕಣ' ಒಗ್ಗುವುದಿಲ್ಲ, ಕಬಡ್ಡಿಯ ಗೆರೆ ಕಣ್ಣಿಗೆ ಬರುತ್ತದೆ. 'ಮೈದಾನ'ವೂ ಅಷ್ಟೇ. ಓಕ್ ಮರಗಳ ನಡುವೆ ಹಾದುಹೋಗುವ ದಾರಿ ಮೈದಾನವಲ್ಲ.

ಉತ್ತರ 2

ಮೇಲಿನ ಉತ್ತರಕ್ಕೆ ನನ್ನ ಒಪ್ಪಿಗೆ ಇದೆ. 'ತಟ್ಟೆ' ಮತ್ತು 'ಫ್ರಿಸ್ಬಿ' ಬಗ್ಗೆ ಮಾತ್ರ ಬರೆಯುತ್ತೇನೆ.

'ಫ್ರಿಸ್ಬಿ' ವ್ಯಾಮ್-ಓ ಕಂಪನಿಯ ನೋಂದಾಯಿತ ಹೆಸರು. ಹೆಡ್ರಿಕ್ ತಿದ್ದಿದ ಡಿಸ್ಕನ್ನು ಹಾಗೆ ಕರೆಯುವುದು ಸರಿ. ಇಂದಿನ ಗಾಲ್ಫ್ ಡಿಸ್ಕನ್ನು ಹಾಗೆ ಕರೆದರೆ ಹೆಸರೂ ತಪ್ಪು, ವಸ್ತುವೂ ತಪ್ಪು. ಬೆಂಗಳೂರಿನಲ್ಲಿ ಅಲ್ಟಿಮೇಟ್ (ಎರಡು ತಂಡಗಳು ಡಿಸ್ಕ್ ಎಸೆದು ಹಿಡಿದು ಆಡುವ) ಆಟಕ್ಕೆ ಬಳಸುವ 175 ಗ್ರಾಂ ಡಿಸ್ಕ್ ಸುಮಾರು 27 ಸೆಂ.ಮೀ. ಅಗಲ, ಅಂಚು ದುಂಡಗೆ. ಗಾಲ್ಫ್ ಡಿಸ್ಕ್ ಸುಮಾರು 21 ಸೆಂ.ಮೀ. ಅಗಲ. ದೂರಕ್ಕೆ ಎಸೆಯುವ ಡ್ರೈವರ್‌ನ ಅಂಚು ಗಾಳಿಯನ್ನು ಸೀಳುವಂತೆ ಚೂಪಾಗಿ ಇಳಿದಿರುತ್ತದೆ. ಈ ಇಳಿಯಂಚಿನ ಡಿಸ್ಕ್ ಬಂದದ್ದು 1983ರಲ್ಲಿ, ಡೇವ್ ಡನಿಪೇಸ್ ಅವರಿಂದ, ಹೆಡ್ರಿಕ್‌ರಿಂದಲ್ಲ. ತೂಕಕ್ಕೂ ಕಟ್ಟುಪಾಡಿದೆ: ವ್ಯಾಸದ ಪ್ರತಿ ಸೆಂ.ಮೀ.ಗೆ 8.3 ಗ್ರಾಂ ಮೀರಬಾರದು. 21.2 ಸೆಂ.ಮೀ. ಡಿಸ್ಕಿಗೆ ಅದು 176 ಗ್ರಾಂ ಹತ್ತಿರ ಬರುತ್ತದೆ.

'ತಟ್ಟೆ' ಎಂದರೆ ಊಟದ ತಟ್ಟೆ, ತೂಕವಿಲ್ಲದ್ದು ಎನಿಸುತ್ತದೆ. 'ಚಕ್ರ' ಶಾಲಾ ಕ್ರೀಡಾಕೂಟದ ಚಕ್ರ ಎಸೆತಕ್ಕೆ ಹೋಗಿಬಿಟ್ಟಿದೆ. 'ಬಿಲ್ಲೆ' ನನಗೆ ಇಷ್ಟ. ಕುಂಟೆಬಿಲ್ಲೆಯಲ್ಲಿ ಬಿಲ್ಲೆ ಎಸೆಯುವುದೂ ಗುರಿಗೇ, ಗೆರೆ ಮೇಲೆ ಬಿದ್ದರೆ ಆಟ ಹೋಗುವುದೂ ಉಂಟು. ಆದರೆ ಬಿಲ್ಲೆ ಅಂಗೈಯೊಳಗೆ ಅಡಗುವಷ್ಟು ಚಿಕ್ಕದು, ಹಾರುವುದಿಲ್ಲ. ಆದ್ದರಿಂದ ನನ್ನ ಸಲಹೆ: 'ಡಿಸ್ಕ್' ಎಂದೇ ಬರೆಯಿರಿ. ಆಡುವವರ ಬಾಯಲ್ಲಿರುವುದು ಅದೇ. 'ಹಾರುವ ತಟ್ಟೆ'ಯನ್ನು ಮಾರಿಸನ್ ಅವರ ಪ್ಲೂಟೊ ಪ್ಲ್ಯಾಟರ್‌ಗೆ ಮೀಸಲಿಡಿ. ಆಕಾಶದಲ್ಲಿ ಹಾರುವ ತಟ್ಟೆ ಕಂಡಿತೆಂಬ ಗುಲ್ಲಿದ್ದ ಕಾಲದಲ್ಲಿ ಅದನ್ನು ಆ ರೂಪದಲ್ಲೇ ಮಾಡಿದ್ದರು.

ಬರಹದಲ್ಲಿ ಆಟದ ವರ್ಣನೆಯೂ ಇದ್ದರೆ ಕ್ರಿಯಾಪದಗಳನ್ನು ನೋಡಿಕೊಳ್ಳಿ. ಬಲಗೈಯವರು ಎದೆಯ ಮುಂದಿನಿಂದ ಬೀಸಿ ಬಿಟ್ಟ ಡಿಸ್ಕ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ವೇಗ ಹೆಚ್ಚಿರುವಾಗ ಕೆಲವು ಡಿಸ್ಕ್‌ಗಳು ಬಲಕ್ಕೆ ವಾಲುತ್ತವೆ, ವೇಗ ಇಳಿದಂತೆ ಎಡಕ್ಕೆ ಹೊರಳಿ ಬೀಳುತ್ತವೆ. ಮೊದಲನೆಯದಕ್ಕೆ 'ವಾಲು', ಎರಡನೆಯದಕ್ಕೆ 'ಹೊರಳು' ಇಟ್ಟುಕೊಂಡರೆ ಗೊಂದಲವಿಲ್ಲ. ಎರಡಕ್ಕೂ 'ತಿರುಗು' ಬಳಸಿದರೆ ಸುತ್ತುವುದೋ ದಿಕ್ಕು ಬದಲಿಸುವುದೋ ತಿಳಿಯದು. ಬುಟ್ಟಿಯ ಹತ್ತಿರದ ಎಸೆತದಲ್ಲೂ ಈ ಸುತ್ತು ಮುಖ್ಯ. ಅದೇ ಡಿಸ್ಕ್ ಕಂಬದ ಬಲಬದಿಯ ಸರಪಳಿಗೆ ಹೊಕ್ಕರೆ ಅದರ ಎಡ ಅಂಚು ಮುಂದಕ್ಕೆ ತಿರುಗುತ್ತಾ ತಗಲುತ್ತದೆ, ಉಜ್ಜಾಟ ಜೋರಾಗಿ ಡಿಸ್ಕ್ ಅಲ್ಲೇ ನಿಲ್ಲುತ್ತದೆ. ಎಡಬದಿಗೆ ಹೊಕ್ಕರೆ ತಗಲುವ ಅಂಚು ಹಿಂದಕ್ಕೆ ತಿರುಗುತ್ತಿರುತ್ತದೆ. ಹಿಡಿತ ಕಡಿಮೆ, ಹಲವು ಸಲ ಸರಪಳಿ ದಾಟಿ ಆಚೆ ಬೀಳುತ್ತದೆ. ನಡುಗಂಬಕ್ಕೇ ಬಡಿದರೆ ಹಿಂದಕ್ಕೆ ಚಿಮ್ಮುತ್ತದೆ. 'ಜಾರಿತು', 'ಚಿಮ್ಮಿತು' ಬೇರೆ ಬೇರೆ ಎಂದು ಬರೆದರೆ ಆಟ ಬಲ್ಲವರು ಮೆಚ್ಚುತ್ತಾರೆ.

ಉತ್ತರ 3

ಉಳಿದದ್ದು ಸಾವಿನ ಪದಗಳು. 'ಸ್ವರ್ಗಸ್ಥ', 'ಕೈಲಾಸವಾಸಿ', 'ಲಿಂಗೈಕ್ಯ' ಇವೆಲ್ಲ ಒಂದೊಂದು ನಂಬಿಕೆಯ ಒಳಗಿನ ಮಾತು. ಇಲ್ಲಿ 'ನಿಧನರಾದರು' ಸಾಕು. ಬರಹದ ಧಾಟಿ ಆಪ್ತವಾಗಿದ್ದರೆ 'ತೀರಿಕೊಂಡರು'. 'ನಮ್ಮನ್ನಗಲಿದರು' ಓಕ್ ಗ್ರೋವ್‌ನವರು ಹೇಳಿದರೆ ಚೆಂದ.

'ಅಸ್ಥಿ' ಬೇಡ. ನಮ್ಮಲ್ಲಿ ಆ ಪದದ ಬೆನ್ನಿಗೆ 'ವಿಸರ್ಜನೆ' ಬಂದೇ ಬರುತ್ತದೆ, ಇಲ್ಲಿ ನಡೆದದ್ದು ಅದರ ವಿರುದ್ಧ, ಇಟ್ಟುಕೊಂಡದ್ದು. 'ಚಿತಾಭಸ್ಮ' ಸರಿ. ಕಟ್ಟಿಗೆಯ ಚಿತೆ ಇರಲಿಲ್ಲವಲ್ಲ ಎಂಬ ಆಕ್ಷೇಪ ಬರಬಹುದು. ವಿದ್ಯುತ್ ಒಲೆಯಿರುವ ಕಟ್ಟಡವನ್ನೇ ನಾವು 'ಚಿತಾಗಾರ' ಎನ್ನುತ್ತೇವೆ, ಹಾಗಾಗಿ ಅದು ನಿಲ್ಲದು. 'ಎರಕ' ಕಾಯಿಸಿದ ಲೋಹವನ್ನು ಸುರಿಯುವ ಕೆಲಸ. ಪ್ಲಾಸ್ಟಿಕ್ ಡಿಸ್ಕನ್ನು ಕರಗಿದ ಪ್ಲಾಸ್ಟಿಕ್ ಒತ್ತಿ ತುಂಬಿ ಮಾಡುತ್ತಾರೆ. 'ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಡಿಸ್ಕ್‌ಗಳನ್ನು ಅಚ್ಚಿನಲ್ಲಿ ತಯಾರಿಸಿದರು' ಎಂದರೆ ಯಾರಿಗೂ ತಿಳಿಯುತ್ತದೆ. 'ತಟ್ಟೆಗಳಲ್ಲಿ ಹೊಯ್ದರು' ಎಂದರೆ ಸಿದ್ಧ ಡಿಸ್ಕಿನ ಮೇಲೆ ಬೂದಿ ಸುರಿದಂತಾಗುತ್ತದೆ.

'ಅವರ ಇಚ್ಛೆಯಂತೆ' ಎಂಬುದನ್ನು ಮಾತ್ರ ಬಿಡಬೇಡಿ, ವಾಕ್ಯದ ಮೊದಲಲ್ಲೇ ಇರಲಿ. ಆ ಡಿಸ್ಕ್‌ಗಳು ಮನೆಯವರಿಗೆ, ಗೆಳೆಯರಿಗೆ ಹೋದವು, ಕೆಲವನ್ನು ಮಾರಿದರು. ಚಿತಾಭಸ್ಮ ಮಾರಿದರು ಎಂದು ಓದಿದ ಕನ್ನಡಿಗರಿಗೆ ಕಸಿವಿಸಿಯಾಗುವುದು ಸಹಜ. ಆಟದ ವಸ್ತುಸಂಗ್ರಹಾಲಯಕ್ಕೆ ಹಣ ಕೂಡಿಸಲು ಮಾರಿದ್ದು ಎಂಬ ಮಾತು ಅದೇ ವಾಕ್ಯದಲ್ಲಿ ಬರಲಿ, ಮುಂದಿನ ಪ್ಯಾರಾಕ್ಕೆ ದೂಡಬೇಡಿ. ಜಾರ್ಜಿಯಾ ರಾಜ್ಯದ ಆ್ಯಪ್ಲಿಂಗ್‌ನಲ್ಲಿರುವ ಅಂತರರಾಷ್ಟ್ರೀಯ ಡಿಸ್ಕ್ ಗಾಲ್ಫ್ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಈಗ ಅವರದೇ ಹೆಸರಿದೆ. ಅದನ್ನೂ ಅಲ್ಲೇ ಸೇರಿಸಬಹುದು.