ಲಿಂಟರ್ ಬಗ್ಗೆ ಎಐ ಏಜೆಂಟ್‌ಗೆ ಹೇಗೆ ಬರೆದುಕೊಡುವುದು?

ಶಿರಾಗೇಟ್_ಕೋಡರ್: ತುಮಕೂರಿನಲ್ಲಿ ನಾವು ಮೂರು ಜನ ಸೇರಿ ಕೊಬ್ಬರಿ ವ್ಯಾಪಾರದವರಿಗೆ ಬಿಲ್ಲಿಂಗ್ ಆ್ಯಪ್ ಮಾಡುತ್ತಿದ್ದೇವೆ. ಕೋಡ್ ಬರೆದುಕೊಡುವ ಎಐ ಏಜೆಂಟ್‌ಗೆ ಅಂತಲೇ ಇಎಸ್‌ಲಿಂಟ್ (ಜಾವಾಸ್ಕ್ರಿಪ್ಟ್ ಕೋಡಿನ ತಪ್ಪು ಹುಡುಕಿಕೊಡುವ ಲಿಂಟರ್) ಬಗ್ಗೆ ಎರಡು ಪುಟ ಬರೆದಿಟ್ಟೆ. ಆದರೂ ನಿನ್ನೆ ಅದು ಎರರ್ ಸರಿ ಮಾಡುವ ಬದಲು ಫೈಲಿನ ಮೊದಲ ಸಾಲಿಗೇ 'ಇಎಸ್‌ಲಿಂಟ್-ಡಿಸೇಬಲ್' ಅಂತ, ತಪಾಸಣೆಯನ್ನೇ ಆಫ್ ಮಾಡುವ ಕಾಮೆಂಟ್ ಹಾಕಿ, ಎಲ್ಲ ಸರಿಯಾಯಿತು ಅಂತ ಹೇಳಿ ಕೈ ತೊಳೆದುಕೊಂಡಿತು. ಇನ್ನೇನು ಬರೆಯಬೇಕು ಗುರು?

ಕೋಲಾರ_ಟೊಮೆಟೊ: ಎರಡು ಪುಟ ಜಾಸ್ತಿ ಆಯ್ತು. ಪೀಠಿಕೆ ಬೇಡ, ಓಡಿಸಬೇಕಾದ ಕಮಾಂಡ್ ಪೂರ್ತಿ ಕೊಡಿ. ಮುಖ್ಯವಾಗಿ ಎಕ್ಸಿಟ್ ಕೋಡ್ (ಟೂಲ್ ಓಡಿ ಮುಗಿದಾಗ ಕೊಡುವ ಸಂಖ್ಯೆ) ಅರ್ಥ ಬರೆಯಿರಿ. 0 ಅಂದರೆ ಎರರ್ ಇಲ್ಲ, 1 ಅಂದರೆ ಕೋಡಿನಲ್ಲಿ ತಪ್ಪಿದೆ, 2 ಅಂದರೆ ಕಾನ್ಫಿಗ್ (ಟೂಲಿನ ಸೆಟ್ಟಿಂಗ್ಸ್) ಕೆಟ್ಟಿದೆ ಇಲ್ಲವೇ ಟೂಲೇ ಬಿದ್ದುಹೋಗಿದೆ. ನಮ್ಮ ಏಜೆಂಟ್ 2 ನೋಡಿ, ಸರಿಯಿದ್ದ ಕೋಡನ್ನೇ ಅರ್ಧ ಗಂಟೆ ಸುಮ್ನೆ ತಿದ್ದುತ್ತಾ ಕೂತಿತ್ತು. ಕೊನೆಗೆ ನೋಡಿದರೆ ಕಾನ್ಫಿಗ್‌ನಲ್ಲಿ ಒಂದು ಕಾಮಾ ಬಿಟ್ಟುಹೋಗಿತ್ತು!

ನಂದಿ_ತಪ್ಪಲು: ಲಿಂಟರ್‌ನಿಂದ ಜೇಸನ್ (JSON) ಫಾರ್ಮ್ಯಾಟ್‌ನಲ್ಲಿ ಔಟ್‌ಪುಟ್ ಕೇಳಿ. ಸಾಲು, ಕಾಲಂ, ರೂಲ್ ಹೆಸರು ಬಿಡಿಬಿಡಿಯಾಗಿ ಸಿಗುತ್ತವೆ. ಬರೆದುಕೊಡುವಾಗ ಪ್ರತಿ ರೂಲಿಗೂ ಒಂದು ತಪ್ಪು ಕೋಡ್ ತುಣುಕು, ಒಂದು ಸರಿ ತುಣುಕು ಸಾಕು. ಇನ್ನು ಡಿಸೇಬಲ್ ಮಾಡಬೇಡ ಅಂತ ಬರೆದರೂ ಅದು ಕೇಳುವುದಿಲ್ಲ ಅಲ್ವಾ, ಕಮಾಂಡಿಗೇ 'ನೋ-ಇನ್‌ಲೈನ್-ಕಾನ್ಫಿಗ್' ಫ್ಲ್ಯಾಗ್ (ಫೈಲಿನೊಳಗಿನ ಇಂಥ ಕಾಮೆಂಟ್ ಲೆಕ್ಕಕ್ಕಿಲ್ಲ ಎನ್ನುವ ಆಯ್ಕೆ) ಸೇರಿಸಿಬಿಡಿ. ಆಮೇಲೆ ಆ ಕಾಮೆಂಟ್‌ಗೆ ಬೆಲೆಯೇ ಇಲ್ಲ.

ಶಿರಾಗೇಟ್_ಕೋಡರ್: ಫ್ಲ್ಯಾಗ್ ಹಾಕಿದೆ. ನಾವೇ ಹಿಂದೆ ಹಾಕಿದ್ದ 11 ಡಿಸೇಬಲ್ ಕಾಮೆಂಟ್‌ಗಳು ಹೊರಬಿದ್ದವು. ಪಾಪ, ಏಜೆಂಟ್ ನಮ್ಮನ್ನು ನೋಡಿಯೇ ಕಲಿತಿತ್ತು.